ಗೆಲುವನ್ನು ಬೇಡದ ನಿಷ್ಠೆ

ವಿಶ್ವವಿದ್ಯಾಲಯದ ಮೂಲಧರ್ಮ ನಿಷ್ಪಕ್ಷಪಾತವಾದ ಸತ್ಯಶೋಧನೆ ಎಂದು ಒಪ್ಪುವುದಾದರೆ, ಅದರ ವಿದ್ಯಾರ್ಥಿಗಳು ಸಂಜೆ ಕ್ರೀಡಾಂಗಣದಲ್ಲಿ ನೆರೆದು ತಮ್ಮ ತಂಡವೇ ಗೆಲ್ಲಲೆಂದು ಕೂಗುವುದು ತಾತ್ತ್ವಿಕವಾದ ಒಂದು ತೊಡಕನ್ನು ಮುಂದಿಡುತ್ತದೆ. ಹಗಲೆಲ್ಲ ಪ್ರಮಾಣಗಳನ್ನು ತೂಗಿ ನೋಡಿದ, ಸ್ವಂತ ಊಹೆಯನ್ನೂ ಶಂಕಿಸಲು ಕಲಿತ ಮನಸ್ಸು, ಯಾವ ಕಾರಣವನ್ನೂ ಕೇಳದೆ ಒಂದು ಗುಂಪಿನ ಪರವಾಗಿ ನಿಲ್ಲುವುದು ವಿವೇಕಕ್ಕೆ ಒಪ್ಪುವ ನಡೆಯೆ, ಅಥವಾ ವಿದ್ಯೆಗೆ ಬಗೆಯುವ ದ್ರೋಹವೆ ಎಂಬುದೇ ಆ ಪ್ರಶ್ನೆ.

ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯ ಇದಕ್ಕೆ ಒಮ್ಮೆ ಕಠಿಣವಾದ ಉತ್ತರ ಕೊಟ್ಟಿತು. ಅಮೋಸ್ ಅಲೊನ್ಜೊ ಸ್ಟ್ಯಾಗ್ ಅವರ ತರಬೇತಿಯಲ್ಲಿ ನಾಲ್ಕು ದಶಕಗಳ ಕಾಲ ಬೆಳೆದ ಅಲ್ಲಿನ ಫುಟ್‌ಬಾಲ್, ಅಂದರೆ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವ ಅಮೆರಿಕನ್ ಬಗೆಯ ಆಟ, ದೇಶದಾದ್ಯಂತ ಹೆಸರು ಮಾಡಿತ್ತು. ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ, ಇಂದು ಹೈಸ್ಮನ್ ಟ್ರೋಫಿ ಎನಿಸಿಕೊಂಡಿರುವ ಪ್ರಶಸ್ತಿ 1935ರಲ್ಲಿ ಮೊದಲ ಬಾರಿಗೆ ಸಂದದ್ದು ಅಲ್ಲಿನ ಜೇ ಬರ್ವಾಂಗರ್‌ಗೆ. ಆದರೆ 1929ರಲ್ಲಿ, ಮೂವತ್ತರ ವಯಸ್ಸಿನಲ್ಲೇ ಅಧ್ಯಕ್ಷರಾದ ರಾಬರ್ಟ್ ಮೇನಾರ್ಡ್ ಹಚಿನ್ಸ್ ಅವರು ಟಿಕೆಟ್ ಹಣ ಮತ್ತು ಪ್ರಚಾರದ ಮೋಹ ವಿದ್ಯೆಯ ಉದ್ದೇಶವನ್ನೇ ಕೆಡಿಸುತ್ತವೆ ಎಂದು ವಾದಿಸಿದರು. 1939ರಲ್ಲಿ ತಂಡ ಮಿಷಿಗನ್ ಎದುರು 85–0 ಅಂತರದಿಂದ ಸೋತಿತು, ಆ ವರ್ಷದ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ಕೈಬಿಟ್ಟಿತು. ಪಂದ್ಯಗಳಿಲ್ಲದೆ ಬರಿದಾದ ಅಲ್ಲಿನ ಫುಟ್‌ಬಾಲ್ ಕ್ರೀಡಾಂಗಣದ ಪ್ರೇಕ್ಷಕರ ಅಟ್ಟಣೆಯ ಕೆಳಗೆ 1942ರ ಡಿಸೆಂಬರ್ 2ರಂದು ಭೌತವಿಜ್ಞಾನಿ ಎನ್ರಿಕೊ ಫರ್ಮಿ ಅವರ ತಂಡ ತಾನಾಗಿ ಮುಂದುವರಿಯುವ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ಮೊದಲ ಬಾರಿಗೆ ಸಾಧಿಸಿದಾಗ, ಆಟದ ಮೇಲೆ ಜ್ಞಾನ ಜಯ ಗಳಿಸಿತೆಂದು ತಿಳಿಯುವುದು ಸುಲಭವಾಯಿತು. ಆದರೆ 1969ರಲ್ಲಿ ಫುಟ್‌ಬಾಲ್ ಅಲ್ಲಿಗೆ ಮರಳಿತು. ಇಂದು ಶಿಕಾಗೊ ಆಡುವುದು ಕ್ರೀಡಾ ವಿದ್ಯಾರ್ಥಿವೇತನಕ್ಕೆ ಅವಕಾಶವೇ ಇಲ್ಲದ, ಕಾಲೇಜು ಕ್ರೀಡೆಯ ಮೂರನೆಯ ವಿಭಾಗದಲ್ಲಿ. ಹಚಿನ್ಸ್ ಅವರು ಖಂಡಿಸಿದ ವ್ಯಾಪಾರ ನಿಜಕ್ಕೂ ಖಂಡನೀಯವೇ ಆಗಿತ್ತು, ಆದರೆ ವ್ಯಾಪಾರ ಬೇರೆ, ಆಟಗಾರರ ಮೇಲೆ ಸಹಪಾಠಿಗಳಿಗಿರುವ ಅಭಿಮಾನ ಬೇರೆ ಎಂಬುದನ್ನು ಈ ಮರಳುವಿಕೆ ತೋರಿಸಿಕೊಟ್ಟಿತು.

ವ್ಯಾಪಾರದಿಂದ ಬಿಡಿಸಿಕೊಂಡ ಅಭಿಮಾನದ ಶುದ್ಧ ರೂಪವನ್ನು ಅದೇ ದೇಶದ ಪಸಾಡೆನಾದಲ್ಲಿರುವ ಕ್ಯಾಲ್‌ಟೆಕ್‌ನಲ್ಲಿ ಕಾಣಬಹುದು. ಸುಮಾರು ಒಂದು ಸಾವಿರ ಪದವಿ ವಿದ್ಯಾರ್ಥಿಗಳಷ್ಟೇ ಇರುವ, ವಿಜ್ಞಾನಕ್ಕೆ ಮುಡಿಪಾದ ಆ ಸಂಸ್ಥೆಯ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 1985ರಿಂದ ಆರಂಭಿಸಿ ತನ್ನ ಲೀಗಿನ 310 ಪಂದ್ಯಗಳನ್ನು ಒಂದೇ ಸಮನೆ ಸೋತಿತು. ನಾಲ್ಕು ವರ್ಷ ಆಡಿಯೂ ಲೀಗಿನ ಒಂದು ಗೆಲುವನ್ನೂ ಕಾಣದೆ ಪದವಿ ಪಡೆದು ಹೋದ ತಲೆಮಾರುಗಳು ಹಲವು. ಆದರೂ ತಂಡ ಮುಚ್ಚಲಿಲ್ಲ, ಅಂಗಳಕ್ಕಿಳಿಯುವವರು ಇಲ್ಲವಾಗಲಿಲ್ಲ. 2011ರ ಫೆಬ್ರವರಿ 22ರಂದು ಆಕ್ಸಿಡೆಂಟಲ್ ಕಾಲೇಜನ್ನು 46–45ರಿಂದ ಸೋಲಿಸಿದಾಗ ವಿದ್ಯಾರ್ಥಿಗಳು ಅಂಗಳಕ್ಕೆ ನುಗ್ಗಿ ಆಟಗಾರರನ್ನು ಸುತ್ತುವರಿದರು. ಆ ಸಂಭ್ರಮಕ್ಕೆ ಘನತೆ ಬಂದದ್ದು ಒಂದು ಅಂಕದ ಗೆಲುವಿನಿಂದಲ್ಲ, ಅದರ ಹಿಂದಿದ್ದ ಇಪ್ಪತ್ತಾರು ವರ್ಷಗಳ ಪಟ್ಟುಬಿಡದ ಪ್ರಯತ್ನದಿಂದ.

ಇಂತಹ ನಡೆಯ ಒಳಗುಟ್ಟನ್ನು ಅಮೆರಿಕದ ತತ್ತ್ವಜ್ಞಾನಿ ಜೊಸೈಯ ರಾಯ್ಸ್ 1908ರಲ್ಲಿ ಪ್ರಕಟಿಸಿದ ‘ನಿಷ್ಠೆಯ ತತ್ತ್ವಶಾಸ್ತ್ರ’ ಎಂಬ ಕೃತಿಯಲ್ಲಿ ಅರಸಬಹುದು. ಅವರ ಪ್ರಕಾರ ನಿಷ್ಠೆಯೆಂದರೆ ವ್ಯಕ್ತಿ ತನ್ನ ಇಚ್ಛೆಯಿಂದ ಒಂದು ಧ್ಯೇಯಕ್ಕೆ ಕ್ರಿಯೆಯ ಮೂಲಕ ಸಂಪೂರ್ಣವಾಗಿ ಒಪ್ಪಿಸಿಕೊಳ್ಳುವುದು. ಆ ಧ್ಯೇಯ ಇತರರ ನಿಷ್ಠೆಯನ್ನು ನಾಶಮಾಡದೆ ಪೋಷಿಸುವಷ್ಟರ ಮಟ್ಟಿಗೆ ಮಾತ್ರ ಅದು ಒಳ್ಳೆಯದು. ಆದರೆ ಕ್ರೀಡಾಂಗಣದಲ್ಲಿ ನಿಷ್ಠೆ ಒಬ್ಬನದಲ್ಲ, ಗುಂಪಿನದು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರಲ್ಲಿ, ಜನ ಒಂದೆಡೆ ಸೇರಿದಾಗ ಹುಟ್ಟಿ ಪ್ರತಿಯೊಬ್ಬನನ್ನೂ ತನ್ನಿಂದಾಚೆಗೆ ಎತ್ತುವ ಸಾಮೂಹಿಕ ಭಾವೋದ್ರೇಕದಲ್ಲಿ ಧರ್ಮದ ಮೂಲವನ್ನೇ ಗುರುತಿಸಿದರು. ಈ ಉದ್ರೇಕಕ್ಕೆ ತನ್ನದೇ ಆದ ದಿಕ್ಕಿಲ್ಲ. ಅದು ಭಕ್ತಿಯೂ ಆಗಬಲ್ಲದು, ದ್ವೇಷವೂ ಆಗಬಲ್ಲದು. ಎದುರಾಳಿಯ ಅಭಿಮಾನಿಯೂ ತನ್ನಂತೆಯೇ ನಿಷ್ಠಾವಂತ ಎಂಬ ಅರಿವು ರಾಯ್ಸ್ ಅವರ ಒರೆಗಲ್ಲಿನಿಂದ ದೊರೆತಾಗ ಮಾತ್ರ ಅದಕ್ಕೆ ಸರಿಯಾದ ದಿಕ್ಕು ಒದಗುತ್ತದೆ.

ಇಲ್ಲಿಗೆ ಮೊದಲ ತೊಡಕು ಸಡಿಲವಾಗುತ್ತದೆ. ತಾಯಿ ತನ್ನ ಮಗುವನ್ನು ಊರಿನ ಇತರ ಮಕ್ಕಳಿಗಿಂತ ಹೆಚ್ಚು ಪ್ರೀತಿಸುವುದರಲ್ಲಿ ಅಸತ್ಯವಿಲ್ಲ; ಆ ಮಗುವೇ ಎಲ್ಲರಿಗಿಂತ ಜಾಣನೆಂದು ಸಾಧಿಸಹೊರಟಾಗ ಅಸತ್ಯ ನುಸುಳುತ್ತದೆ. ಪ್ರೀತಿಯಲ್ಲಿ ಪಕ್ಷವಿರಬಹುದು, ತೀರ್ಪಿನಲ್ಲಿ ಇರಬಾರದು. ತನ್ನ ತಂಡಕ್ಕೆ ವಿರುದ್ಧವಾಗಿ ಬಂದ ಸರಿಯಾದ ತೀರ್ಪನ್ನು ಒಪ್ಪಿಕೊಂಡೂ ಆ ತಂಡಕ್ಕಾಗಿ ಕೂಗುವ ವಿದ್ಯಾರ್ಥಿ ಈ ಎರಡನ್ನೂ ಏಕಕಾಲಕ್ಕೆ ಪಾಲಿಸುತ್ತಾನೆ. ಗೆಲುವಿನ ಆಸೆಗೂ ಇಂತಹದೇ ವಿವೇಕ ಬೇಕು. ಭಗವದ್ಗೀತೆ ಬೋಧಿಸುವ ನಿಷ್ಕಾಮ ಕರ್ಮ, ಎಂದರೆ ಫಲದ ಮೇಲಿನ ಆಸಕ್ತಿಯನ್ನು ತೊರೆದು ಕರ್ಮವನ್ನು ಪೂರ್ಣ ಮನಸ್ಸಿನಿಂದ ಆಚರಿಸುವುದು, ಪ್ರಯತ್ನವನ್ನು ತಗ್ಗಿಸೆಂದು ಹೇಳುವುದಿಲ್ಲ. ಗೆಲ್ಲಲೆಂದೇ ಆಡಿ, ಗೆಲುವಿಗೆ ಕಟ್ಟುಬೀಳದಿರುವುದು ಅದರ ಸಾರ. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ವಿಫಲವಾಗುವ ಪ್ರಯೋಗವನ್ನು ಕೈಬಿಡದೆ, ಫಲಿತಾಂಶವನ್ನು ತಿರುಚದೆ ಮುಂದುವರಿಯುವವನಿಗೆ ಬೇಕಾದ ಗುಣವೂ ಇದೇ ಆದ್ದರಿಂದ, ಸೋಲುವ ತಂಡದ ಜೊತೆಗೆ ನಿಲ್ಲುವುದು ವಿದ್ಯೆಗೆ ಹೊರತಾದ ಅಭ್ಯಾಸವಲ್ಲ.

ಆದಕಾರಣ ವಿದ್ಯಾಸಂಸ್ಥೆ ತನ್ನ ಕ್ರೀಡಾಂಗಣದಿಂದ ಹೊರಗಿಡಬೇಕಾದದ್ದು ಹಣದ ಲೋಭವನ್ನು ಮತ್ತು ಎದುರಾಳಿಯ ಅವಹೇಳನವನ್ನು, ಅಭಿಮಾನವನ್ನಲ್ಲ. ಗೆದ್ದವರನ್ನು ಹೊಗಳಲು ಲೋಕವೆಲ್ಲ ಸಿದ್ಧವಿದೆ. ಸೋತರೂ ಪ್ರಾಮಾಣಿಕವಾಗಿ ಆಡಿದ ಸಹಪಾಠಿಯನ್ನು ಗೌರವಿಸಲು ಕಲಿಸುವುದು ವಿಶ್ವವಿದ್ಯಾಲಯದ ಕರ್ತವ್ಯ.