ಮಗು ಸಿದ್ಧವಾಗಿದೆಯೆಂದು ಯಾರು ಹೇಳಬೇಕು?

ಮಕ್ಕಳ ಪಾಲನೆಯಲ್ಲಿ ಮಾತಾಪಿತರ ಮೇಲೆ ಎರಡು ಹೊಣೆಗಳಿವೆ. ಮಕ್ಕಳನ್ನು ಕಾಪಾಡುವುದು ಒಂದು. ಕಾಪಾಡುವವರು ಬಳಿಯಲ್ಲಿ ಇಲ್ಲದಾಗಲೂ ಅವರು ದಾರಿ ತಪ್ಪದಂತೆ ಸಜ್ಜುಗೊಳಿಸುವುದು ಇನ್ನೊಂದು. ಮೊದಲನೆಯದನ್ನು ಹೆಚ್ಚಿನವರು ಬಲ್ಲರು. ಪ್ರೀತಿಯೇ ಅದನ್ನು ಕಲಿಸಿಕೊಡುತ್ತದೆ. ಆದರೆ ಮೊದಲನೆಯ ಹೊಣೆ ಎಲ್ಲಿ ಹಿಂದೆ ಸರಿಯಬೇಕು, ಎರಡನೆಯದು ಎಲ್ಲಿ ಮುಂದೆ ಬರಬೇಕು ಎಂಬುದನ್ನು ಪ್ರೀತಿಯೊಂದೇ ತಿಳಿಸಲಾರದು. ಅದಕ್ಕೆ ನ್ಯಾಯಬುದ್ಧಿಯೂ ಬೇಕು.

ಅಮೇರಿಕದಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸುವ ಕುಟುಂಬಗಳ ಮುಂದೆ ಈ ಪ್ರಶ್ನೆ ಬಹಳ ನೇರವಾಗಿ ಬಂದು ನಿಲ್ಲುತ್ತದೆ. ಹದಿನೈದು, ಹದಿನಾರರ ಹರೆಯದ ಮಕ್ಕಳನ್ನು ವಯಸ್ಕರು ಓದುವ ಕಾಲೇಜಿನ ತರಗತಿಗೆ ಕಳುಹಿಸಬೇಕೇ, ಬೇಡವೇ? ಮಗು ಅದಕ್ಕೆ ಸಿದ್ಧವಾಗಿದೆಯೆಂದು ಹೇಳಬೇಕಾದವರು ಯಾರು?

ಮನೆಯ ಪಾಠ ಸಾಲದಾದಾಗ

ಮನೆಶಿಕ್ಷಣವು ಅಮೇರಿಕದಲ್ಲಿ ಹೊಸದೇನಲ್ಲ. ಶಾಲೆಗಳ ಮೇಲೆ ಭರವಸೆ ಕಳಕೊಂಡಿದ್ದ ಶಿಕ್ಷಕ ಜಾನ್ ಹೋಲ್ಟ್ 1977ರಲ್ಲಿ ಇಂತಹ ಕುಟುಂಬಗಳಿಗಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದರು. 1993ರ ಹೊತ್ತಿಗೆ 50 ರಾಜ್ಯಗಳಲ್ಲೂ ಅದು ಕಾನೂನುಬದ್ಧವಾಗಿತ್ತು. ಈ ದಾರಿಯನ್ನು ಆರಿಸುವವರ ಕಾರಣಗಳು ಒಂದೇ ಬಗೆಯವಲ್ಲ. ಕೆಲವರಿಗೆ ಧರ್ಮ ಮತ್ತು ಚಾರಿತ್ರ್ಯದ ಚಿಂತೆ. ಕೆಲವರಿಗೆ ಶಾಲೆಯ ವಾತಾವರಣದ ಭಯ. ಇನ್ನು ಕೆಲವರಿಗೆ ಮಗು ತನ್ನದೇ ಗತಿಯಲ್ಲಿ ಕಲಿಯಲಿ ಎಂಬ ಬಯಕೆ. ಕ್ರೈಸ್ತ ಕುಟುಂಬಗಳಂತೆ ಮುಸ್ಲಿಮ್ ಕುಟುಂಬಗಳೂ ಇವರಲ್ಲಿವೆ.

ಆದರೆ ಮಗು ಬೆಳೆದಂತೆ ಅಡುಗೆಮನೆಯ ಮೇಜು ಸಾಲದಾಗುತ್ತದೆ. ರಸಾಯನಶಾಸ್ತ್ರಕ್ಕೆ ಪ್ರಯೋಗಾಲಯ ಬೇಕು. ಉನ್ನತ ಗಣಿತಕ್ಕೆ ಅದನ್ನು ಬಲ್ಲವರು ಬೇಕು. ಭಾಷೆಯನ್ನು ಕಲಿಯಲು ಜೊತೆಗೆ ಮಾತನಾಡುವವರು ಬೇಕು. ಆಗ ಕಣ್ಣಿಗೆ ಬೀಳುವುದು ಊರಿನ ಕಮ್ಯುನಿಟಿ ಕಾಲೇಜು.

ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾದ ಕಾಲೇಜಿನಿಂದ ಈ ಪರಂಪರೆ ಬೆಳೆಯಿತು. ಇಲ್ಲಿ ಎರಡು ವರ್ಷಗಳ ವ್ಯಾಸಂಗವಿದೆ, ಶುಲ್ಕ ಕಡಿಮೆ, ಪ್ರವೇಶ ಸುಲಭ. ಮುಂದೆ ವಿಶ್ವವಿದ್ಯಾನಿಲಯಕ್ಕೆ ಸೇರುವ ದಾರಿಯೂ ಉಂಟು. ಶಾಲೆಯ ವಯಸ್ಸಿನವರೂ ಕಾಲೇಜಿನ ತರಗತಿಗೆ ಕುಳಿತುಕೊಳ್ಳಲೆಂದು ಮಿನ್ನೆಸೋಟ 1985ರಲ್ಲಿ, ವಾಷಿಂಗ್ಟನ್ ರಾಜ್ಯ 1990ರಲ್ಲಿ ಕಾನೂನು ಮಾಡಿದವು. ಅಲ್ಲಿ ಬೋಧನಾ ಶುಲ್ಕದ ಹೊರೆ ಕುಟುಂಬದ ಮೇಲೆ ಬೀಳುವುದಿಲ್ಲ, ಮನೆಯಲ್ಲಿ ಓದುವ ಮಕ್ಕಳಿಗೂ ಅವಕಾಶವಿದೆ.

ಇದರಿಂದ ಲಾಭವಿದೆಯೆಂಬುದರಲ್ಲಿ ಸಂಶಯವಿಲ್ಲ. ಹಣ ಉಳಿಯುತ್ತದೆ, ಕಾಲ ಉಳಿಯುತ್ತದೆ. ಅದಕ್ಕಿಂತ ಮಿಗಿಲಾಗಿ, ತಾಯಿ ಕೊಟ್ಟ ಅಂಕಗಳನ್ನು ಹೊರಗಿನವರು ಎಷ್ಟರಮಟ್ಟಿಗೆ ನಂಬುವರು? ಪರಕೀಯನೊಬ್ಬ ತೂಗಿ ಕೊಟ್ಟ ಅಂಕವು ಆ ಹುಡುಗನ ಕಲಿಕೆಗೆ ಹೊರಗಿನ ಸಾಕ್ಷಿಯಾಗುತ್ತದೆ.

ಒಂದೇ ಕೈಯ ಎರಡು ಸಹಿ

ನೈತಿಕ ಪ್ರಶ್ನೆ ಹುಟ್ಟುವುದು ಅರ್ಜಿಯ ಹಾಳೆಯಲ್ಲಿ. ಕ್ಯಾಲಿಫೋರ್ನಿಯವನ್ನೇ ತೆಗೆದುಕೊಳ್ಳಿ. ಅಲ್ಲಿ ಶಾಲಾ ವಿದ್ಯಾರ್ಥಿ ಕಮ್ಯುನಿಟಿ ಕಾಲೇಜಿನ ತರಗತಿಗೆ ಸೇರಲು ಶಾಲೆಯ ಪ್ರಿನ್ಸಿಪಾಲರ ಶಿಫಾರಸು ಬೇಕು, ಮಾತಾಪಿತರ ಒಪ್ಪಿಗೆಯೂ ಬೇಕು. ಆದರೆ ಆ ರಾಜ್ಯದಲ್ಲಿ ಮನೆಯಲ್ಲೇ ಓದಿಸುವ ಅನೇಕ ಕುಟುಂಬಗಳು ತಮ್ಮ ಮನೆಯನ್ನೇ ಖಾಸಗಿ ಶಾಲೆಯೆಂದು ಸರಕಾರಕ್ಕೆ ವರ್ಷಂಪ್ರತಿ ಅಫಿದವಿತ್ ಕೊಡುತ್ತವೆ. ಹಾಗಾಗಿ ತಾಯಿಯೇ ಅಧ್ಯಾಪಕಿ, ತಾಯಿಯೇ ಪ್ರಿನ್ಸಿಪಾಲ್. ಒಂದು ಸಹಿ ತಾಯಿಯಾಗಿ, ಇನ್ನೊಂದು ಸಹಿ ಪ್ರಿನ್ಸಿಪಾಲಳಾಗಿ. ಎರಡೂ ಒಂದೇ ಕೈಯದು.

ಕಾನೂನಿನ ಕಣ್ಣಿಗೆ ಇದರಲ್ಲಿ ತಪ್ಪಿಲ್ಲ. ಆದರೆ ಆ ಎರಡನೆಯ ಸಹಿ ಏನು? ಅದು ಸಾಕ್ಷ್ಯ. ಈ ಹುಡುಗಿ ಕಾಲೇಜಿನ ಪಾಠಕ್ಕೆ ತಕ್ಕವಳು, ಇದರಿಂದ ಅವಳಿಗೆ ಪ್ರಯೋಜನವಿದೆ ಎಂದು ಆಕೆ ನುಡಿಯುವ ಸಾಕ್ಷ್ಯ. ಸಾಕ್ಷ್ಯ ಹೇಳುವಾಗ ಸ್ವಂತದವರ ಕಡೆಗೂ ವಾಲಬಾರದೆಂಬುದು ನಮ್ಮ ಓದುಗರಿಗೆ ಹೊಸ ಪಾಠವಲ್ಲ. ತಕ್ಕಡಿ ನಮ್ಮ ಕೈಯಲ್ಲೇ ಇದ್ದು, ತೂಗಬೇಕಾದುದು ನಮ್ಮ ಮಗುವೇ ಆಗಿರುವಾಗ ಅದನ್ನು ಪಾಲಿಸುವುದು ಎಷ್ಟು ಕಷ್ಟ!

ಈ ತಕ್ಕಡಿಯನ್ನು ವಾಲಿಸುವ ಶಕ್ತಿಗಳು ಎರಡು. ಒಂದು ಹೆಮ್ಮೆ. ಶಾಲೆ ಬಿಡಿಸಿದ್ದಕ್ಕೆ ನೆರೆಹೊರೆಯವರಿಂದ, ಬಂಧುಗಳಿಂದ ಮಾತು ಕೇಳಿದ ಮಾತಾಪಿತರಿಗೆ, ನೋಡಿ ನಮ್ಮ ಮಗ ಹದಿನೈದಕ್ಕೇ ಕಾಲೇಜು ಸೇರಿದ ಎಂದು ಹೇಳುವ ಆಸೆ ಸಹಜ. ಆದರೆ ಆಗ ಮಗು ಓದುವುದು ತನಗಾಗಿ ಅಲ್ಲ, ಮಾತಾಪಿತರ ವಾದವನ್ನು ಗೆಲ್ಲಿಸಲಿಕ್ಕಾಗಿ. ಇನ್ನೊಂದು ಭಯ. ಹೊರಗೆ ಕಳುಹಿಸಿದರೆ ಇಷ್ಟು ವರ್ಷ ಕಾಪಾಡಿದ್ದೆಲ್ಲ ಕೈ ತಪ್ಪೀತು ಎಂಬ ಭಯ. ಹೆಮ್ಮೆಯು ಸಿದ್ಧವಾಗಿಲ್ಲದ ಮಗುವನ್ನು ಮುಂದಕ್ಕೆ ತಳ್ಳುತ್ತದೆ. ಭಯವು ಸಿದ್ಧವಾಗಿರುವ ಮಗುವನ್ನು ಹಿಂದಕ್ಕೆ ಎಳೆಯುತ್ತದೆ. ಎರಡರಲ್ಲೂ ಮಾತಾಪಿತರು ನೋಡುವುದು ಮಗುವನ್ನಲ್ಲ, ತಮ್ಮನ್ನೇ.

ಭಯಕ್ಕೆ ಆಧಾರವೇ ಇಲ್ಲವೆಂದಲ್ಲ. ಆ ತರಗತಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತವರು ನಿವೃತ್ತ ಸೈನಿಕರಿರಬಹುದು, ರಾತ್ರಿ ಪಾಳಿ ಮುಗಿಸಿ ಬಂದ ಕಾರ್ಮಿಕರಿರಬಹುದು, ಮಕ್ಕಳೊಂದಿಗರಿರಬಹುದು. ಅಲ್ಲಿನ ಮಾತು, ಓದಿಸುವ ಪುಸ್ತಕ ವಯಸ್ಕರಿಗಾಗಿಯೇ ಇರುವಂತಹವು. ಕಿರಿಯನೊಬ್ಬ ಬಂದನೆಂದು ಅಧ್ಯಾಪಕರು ಪಾಠವನ್ನು ಬದಲಿಸುವುದಿಲ್ಲ, ಬದಲಿಸಬೇಕೆಂದು ಕೇಳುವುದು ನ್ಯಾಯವೂ ಅಲ್ಲ. ಆದ್ದರಿಂದ ಇನ್ನೂ ಒಂದು ವರ್ಷ ಕಾಯೋಣ ಎಂಬ ತೀರ್ಮಾನ ಹೇಡಿತನವಾಗಬೇಕಿಲ್ಲ. ಅದು ಮಗುವನ್ನು ನೋಡಿ ಮಾಡಿದ ತೀರ್ಮಾನವೇ ಎಂಬುದಷ್ಟೇ ಮುಖ್ಯ.

ಕಾನೂನು ಮುಚ್ಚುವ ಬಾಗಿಲು

ಇಲ್ಲಿ ಅನೇಕ ಮಾತಾಪಿತರನ್ನು ಬೆಚ್ಚಿಬೀಳಿಸುವ ಒಂದು ವಿಷಯವಿದೆ. 1974ರ ಅಮೇರಿಕದ ಶೈಕ್ಷಣಿಕ ಖಾಸಗಿತನದ ಕಾನೂನಿನ ಪ್ರಕಾರ, ಶಾಲಾ ದಾಖಲೆಗಳ ಮೇಲೆ ಮಾತಾಪಿತರಿಗಿರುವ ಹಕ್ಕು ಮಗುವಿಗೆ 18 ತುಂಬಿದಾಗ ಮಗುವಿಗೇ ವರ್ಗವಾಗುತ್ತದೆ. ಆದರೆ ಕಾಲೇಜಿಗೆ ಸೇರಿದರೆ ಆ ವಯಸ್ಸಿಗಾಗಿ ಕಾಯಬೇಕಿಲ್ಲ. ಹದಿನೈದರ ಹುಡುಗನಾದರೂ ಸರಿ, ಅವನ ಕಾಲೇಜು ದಾಖಲೆಗಳ ಹಕ್ಕುದಾರ ಅವನೇ. ತೆರಿಗೆಯ ಲೆಕ್ಕದಲ್ಲಿ ಅವನು ಅವಲಂಬಿತನಾಗಿದ್ದರೆ ಕಾಲೇಜು ಮಾತಾಪಿತರಿಗೆ ವಿವರ ಕೊಡಬಹುದು, ಆದರೆ ಕೊಡಲೇಬೇಕೆಂದಿಲ್ಲ. ಅ ಆ ಕಲಿಸಿದ, ಪ್ರತಿಯೊಂದು ಲೆಕ್ಕವನ್ನು ತಿದ್ದಿದ ತಾಯಿ ಅಧ್ಯಾಪಕರಿಗೆ ಫೋನು ಮಾಡಿ ಮಗನ ಅಂಕ ಕೇಳಿದರೆ, ನಿಮ್ಮ ಮಗನನ್ನೇ ಕೇಳಿ ಎಂಬ ಉತ್ತರ ಬರಬಹುದು.

ಇದು ಕ್ರೌರ್ಯವೇ? ಮೇಲುನೋಟಕ್ಕೆ ಹಾಗೆ ಕಾಣಬಹುದು. ಆದರೆ ಸ್ವಲ್ಪ ಯೋಚಿಸಿ ನೋಡಿ. ಅಷ್ಟರವರೆಗೆ ತಾಯಿಗೆ ಮಗನ ಸ್ಥಿತಿ ತಿಳಿಯುತ್ತಿದ್ದುದು ಪಕ್ಕದಲ್ಲೇ ಕುಳಿತು ನೋಡುತ್ತಿದ್ದುದರಿಂದ. ಇನ್ನು ಮುಂದೆ ತಿಳಿಯಬೇಕಾದುದು ಮಗ ಹೇಳಿದರೆ ಮಾತ್ರ. ಮೇಲ್ವಿಚಾರಣೆ ಇದ್ದ ಜಾಗಕ್ಕೆ ವಿಶ್ವಾಸ ಬರಬೇಕು. ಸೋತಾಗ, ಅಮ್ಮಾ, ಈ ಪರೀಕ್ಷೆಯಲ್ಲಿ ನಾನು ಸೋತೆ ಎಂದು ಮನೆಗೆ ಬಂದು ಹೇಳುವ ಧೈರ್ಯ ಮಗನಿಗಿದೆಯೇ? ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ಮನೆಯಲ್ಲಿದೆಯೇ? ಕಾಲೇಜಿನ ಪ್ರವೇಶ ಪರೀಕ್ಷೆ ಇದನ್ನು ಅಳೆಯದು. ಆದರೆ ಮಗು ಸಿದ್ಧವೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ಅಳತೆಗೋಲು ಇಲ್ಲ.

ಈ ಪ್ರಶ್ನೆಗೆ ತೂಕವಿದೆ. ಕಾಲೇಜಿನ ಅಂಕಪಟ್ಟಿ ಶಾಶ್ವತವಾದುದು. ಹದಿನೈದರಲ್ಲಿ ಆದ ಸೋಲು ಮುಂದೆ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕುವಾಗಲೂ ಜೊತೆಗೆ ಬರುತ್ತದೆ. ಮನೆಯಲ್ಲಾದರೆ ತಪ್ಪಿದ ಪಾಠವನ್ನು ಮರುದಿನ ಮತ್ತೆ ಮಾಡಬಹುದಿತ್ತು. ಇಲ್ಲಿ ಹಾಗಿಲ್ಲ. ಆದ್ದರಿಂದಲೇ ವಿವೇಕಿಗಳು ಒಂದೇ ತರಗತಿಯಿಂದ, ಅದೂ ಮಗುವಿಗೆ ಪ್ರಿಯವಾದ ವಿಷಯದಿಂದ ಆರಂಭಿಸುತ್ತಾರೆ. ಹೆಸರು ನೋಂದಾಯಿಸುವುದು, ದಿನಾಂಕ ನೆನಪಿಡುವುದು, ಅರ್ಥವಾಗದಾಗ ಅಧ್ಯಾಪಕರ ಬಳಿ ಹೋಗಿ ಕೇಳುವುದು, ಇವನ್ನೆಲ್ಲ ಮಗುವಿಗೇ ಬಿಡುತ್ತಾರೆ. ಇವನ್ನು ತಾಯಿಯೇ ಮಾಡಬೇಕಾಗಿ ಬಂದರೆ ಕಾಲೇಜಿಗೆ ಸೇರಿದ್ದು ತಾಯಿ, ಮಗನಲ್ಲ.

ಕೇಳದೆ ಉಳಿದ ಮಾತು

1972ರಲ್ಲಿ ಅಮೇರಿಕದ ಸುಪ್ರೀಮ್ ಕೋರ್ಟು ಒಂದು ಪ್ರಸಿದ್ಧ ತೀರ್ಪು ಕೊಟ್ಟಿತು. ವಿಸ್ಕಾನ್ಸಿನ್ ರಾಜ್ಯದ ಆಮಿಶ್ ಪಂಗಡದ ಹೆತ್ತವರು ಧಾರ್ಮಿಕ ಕಾರಣದಿಂದ ಎಂಟನೆಯ ತರಗತಿಯ ಬಳಿಕ ಮಕ್ಕಳನ್ನು ಶಾಲೆಗೆ ಕಳುಹಿಸಲು ಒಪ್ಪಿರಲಿಲ್ಲ. ನ್ಯಾಯಾಲಯ ಹೆತ್ತವರ ಪರ ನಿಂತಿತು. ಆದರೆ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಒಂದು ಅಂಶದಲ್ಲಿ ಭಿನ್ನಮತ ತಾಳಿದರು. ಮಕ್ಕಳ ಅಭಿಪ್ರಾಯವನ್ನೂ ಕೇಳಬೇಕೆಂಬುದು ಅವರ ನಿಲುವಾಗಿತ್ತು.

ತೀರ್ಪಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ಭಿನ್ನಮತದಲ್ಲಿ ಪ್ರತಿಯೊಂದು ಮನೆಗೂ ಒಂದು ಪಾಠವಿದೆ. ಕಾಲೇಜಿಗೆ ಕಳುಹಿಸುವುದೋ ಮನೆಯಲ್ಲೇ ಇರಿಸುವುದೋ ಎಂದು ಗಂಡಹೆಂಡಿರು ರಾತ್ರಿಯಿಡೀ ಚರ್ಚಿಸುತ್ತಾರೆ. ಯಾರ ಬಗ್ಗೆ ಚರ್ಚೆಯೋ ಆ ಮಗುವನ್ನು ಕೇಳುವುದು ಕೊನೆಗೆ, ಅಥವಾ ಕೇಳುವುದೇ ಇಲ್ಲ. ಕೇಳುವುದೆಂದರೆ ಅದು ಹೇಳಿದಂತೆ ನಡೆಯುವುದೆಂದಲ್ಲ. ಹಿರಿಯರ ವಿವೇಚನೆಗೆ ಅದರ ಜಾಗ ಇದ್ದೇ ಇದೆ. ಆದರೆ ಸೋಲನ್ನೂ ಗೆಲುವನ್ನೂ ಹೊರಬೇಕಾದವರ ಮಾತಿಲ್ಲದೆ ಮಾಡಿದ ತೀರ್ಮಾನ ಪೂರ್ಣವಾಗಲಾರದು.

ಮಕ್ಕಳು ಮಾತಾಪಿತರ ಸೊತ್ತಲ್ಲ, ಅವರ ಕೈಗೆ ಒಪ್ಪಿಸಲ್ಪಟ್ಟ ಅಮಾನತು. ಅಮಾನತನ್ನು ಜೋಪಾನವಾಗಿಡುವುದು ಎಷ್ಟು ಮುಖ್ಯವೋ, ಸಮಯ ಬಂದಾಗ ಮರಳಿಸುವುದೂ ಅಷ್ಟೇ ಮುಖ್ಯ. ಅವಧಿಗೆ ಮುನ್ನ ಬೀದಿಯಲ್ಲಿ ಬಿಡುವುದು ಅಜಾಗರೂಕತೆ, ಅವಧಿ ಮೀರಿದರೂ ಬಿಡದೆ ಹಿಡಿದಿಡುವುದು ಅನ್ಯಾಯ. ಹಾಗಾದರೆ ಸಮಯ ಬಂತೆಂದು ಯಾರು ಹೇಳಬೇಕು? ಮಾತಾಪಿತರೇ ಹೇಳಬೇಕು. ಆದರೆ ಹೆಮ್ಮೆಯನ್ನೂ ಭಯವನ್ನೂ ಬದಿಗಿಟ್ಟು, ಮಗುವಿನ ಮುಖವನ್ನು ನೋಡಿ, ಅದರ ಮಾತನ್ನು ಕೇಳಿದ ಬಳಿಕ ಹೇಳಬೇಕು. ಆ ಎರಡನೆಯ ಸಹಿಯನ್ನು ಹಾಕುವ ಮುನ್ನ ಲೇಖನಿಯನ್ನು ಒಂದು ಕ್ಷಣ ಕೆಳಗಿಟ್ಟು, ನಾನು ನುಡಿಯುತ್ತಿರುವುದು ನಿಜವೇ ಎಂದು ತಮ್ಮನ್ನೇ ಕೇಳಿಕೊಳ್ಳುವ ಮಾತಾಪಿತರು ಈ ಹೊಣೆಯಲ್ಲಿ ಸೋಲುವುದು ಅಪರೂಪ.