ವರ್ಷಾರಂಭವೂ ವಿದ್ಯಾರ್ಥಿಯ ಕಾಯಕವೂ

ರೋಹಿಣಿಯ ಮಳೆ ಮುಗಿದು ಮೃಗಶಿರೆಯು ಕಾಲಿಡುವ ಹೊತ್ತಿಗೆ ಕನ್ನಡ ನಾಡಿನಲ್ಲಿ ಎರಡು ಬಿತ್ತನೆಗಳು ಏಕಕಾಲದಲ್ಲಿ ನಡೆಯುತ್ತವೆ. ಒಂದು ಹೊಲದಲ್ಲಿ, ಇನ್ನೊಂದು ಶಾಲೆಯಲ್ಲಿ. ಹೊಲದ ಬಿತ್ತನೆಗೆ ರೈತನು ಬಹು ಮುಂಚಿನಿಂದಲೇ ಅಣಿಯಾಗುತ್ತಾನೆ. ಉತ್ತು, ಕುಂಟೆ ಹೊಡೆದು, ಗೊಬ್ಬರ ಹರಡಿ, ಬೀಜವನ್ನು ಆರಿಸಿಟ್ಟು, ಮಣ್ಣಿನ ಹದಕ್ಕಾಗಿ ಕಾಯುತ್ತಾನೆ. ಶಾಲೆಯ ಬಿತ್ತನೆಗಾದರೋ ಬಹುಮಂದಿ ತಾಯಿತಂದೆಗಳ ಸಿದ್ಧತೆಯು ಪೇಟೆಯ ಅಂಗಡಿಯಲ್ಲಿ ಆರಂಭವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ಹೊಸ ಚೀಲ, ಹೊಸ ನೋಟುಪುಸ್ತಕಗಳು, ಹೊಸ ಕಂಪಾಸು ಪೆಟ್ಟಿಗೆ. ಜೂನ್ ತಿಂಗಳಿನಲ್ಲಿ ಅಷ್ಟು ಅಂದವಾಗಿದ್ದ ಆ ಚೀಲವನ್ನು ಶ್ರಾವಣದಲ್ಲಿ ತೆರೆದು ನೋಡಿದರೆ ಕಾಣುವುದೇನು? ರಟ್ಟು ಕಿತ್ತ ಪುಸ್ತಕ, ಅರ್ಧಕ್ಕೆ ನಿಂತ ಟಿಪ್ಪಣಿ, ಗಣಿತದ ಪುಸ್ತಕದ ಹಿಂಬದಿಯಲ್ಲಿ ಬರೆದ ವಿಜ್ಞಾನ. ಇದಕ್ಕೆಲ್ಲ ಹುಡುಗನ ಸೋಮಾರಿತನವೇ ಕಾರಣವೆಂದು ಹಿರಿಯರು ಆಗ ತೀರ್ಪು ಕೊಡುತ್ತಾರೆ. ಆ ತೀರ್ಪು ನ್ಯಾಯವಾದುದೇ ಎಂಬುದನ್ನು ಕೊಂಚ ವಿಚಾರಿಸಬೇಕಾಗಿದೆ.

ಎಂಟನೆಯ ತರಗತಿಗೆ ಹೊಸದಾಗಿ ಕಾಲಿಡುವ ಮಗುವಿನ ಸ್ಥಿತಿಯನ್ನು ನೋಡಬೇಕು. ಏಳನೆಯ ತರಗತಿಯವರೆಗೆ ಅದು ಊರಿನ ಪ್ರಾಥಮಿಕ ಶಾಲೆಯಲ್ಲಿ ಒಬ್ಬಿಬ್ಬರು ಗುರುಗಳ ಕಣ್ಣೆದುರಿಗೆ ಬೆಳೆದದ್ದು. ಯಾವ ಮಗುವಿಗೆ ಯಾವುದು ಬಾರದು, ಯಾರ ಮನೆಯಲ್ಲಿ ಏನು ಕಷ್ಟ ಎಂಬುದು ಆ ಗುರುಗಳಿಗೆ ಕೇಳದೆಯೇ ತಿಳಿದಿರುತ್ತಿತ್ತು. ಈಗ ಹೋಬಳಿಯ ಪ್ರೌಢಶಾಲೆ. ಭಾಷೆಗಳಿಗೆ ಒಬ್ಬರು, ಗಣಿತಕ್ಕೆ ಒಬ್ಬರು, ವಿಜ್ಞಾನಕ್ಕೆ ಒಬ್ಬರು, ಸಮಾಜವಿಜ್ಞಾನಕ್ಕೆ ಮತ್ತೊಬ್ಬರು. ಗಂಟೆ ಹೊಡೆದೊಡನೆ ಒಬ್ಬ ಉಪಾಧ್ಯಾಯರು ಹೊರಟು ಇನ್ನೊಬ್ಬರು ಬರುತ್ತಾರೆ. ಪ್ರತಿಯೊಬ್ಬರೂ ಮನೆಗೆಲಸವನ್ನು ಕೊಡುತ್ತಾರೆ. ಹಿಂದಿನವರು ಎಷ್ಟು ಕೊಟ್ಟರೆಂಬುದು ಮುಂದಿನವರಿಗೆ ತಿಳಿಯದು. ಇಷ್ಟೆಲ್ಲವನ್ನೂ ಒಂದೆಡೆ ಕೂಡಿಸಿ ನಡೆಸಿಕೊಂಡು ಹೋಗುವ ಹೊಣೆಯು ಹದಿಮೂರು ವರ್ಷದ ತಲೆಯ ಮೇಲೆ ಒಂದೇ ದಿನದಲ್ಲಿ ಬಂದು ಬೀಳುತ್ತದೆ. ಆ ಕೆಲಸವನ್ನು ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಕಲಿಸದಿರುವುದನ್ನು ಬರಲಿಲ್ಲವೆಂದು ಶಿಕ್ಷಿಸುವುದು ಯಾವ ಧರ್ಮ?

ಇಲ್ಲಿ ಹಿರಿಯರು ಎರಡು ಬಗೆಯಾಗಿ ತಪ್ಪುವುದುಂಟು. ಕೆಲವರು ಎಲ್ಲವನ್ನೂ ತಾವೇ ಮಾಡಿಬಿಡುತ್ತಾರೆ. ಪುಸ್ತಕಕ್ಕೆ ರಟ್ಟು ಹಾಕುವವರು ಅವರೇ, ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸುವವರು ಅವರೇ, ರಾತ್ರಿ ಚೀಲವನ್ನು ಜೋಡಿಸುವವರೂ ಅವರೇ. ಮಗುವಿನದೇನಿದ್ದರೂ ಹೊತ್ತು ನಡೆಯುವುದಷ್ಟೆ. ಇನ್ನು ಕೆಲವರು ಏನನ್ನೂ ಮಾಡದೆ, ಪರೀಕ್ಷೆಯ ಅಂಕಪಟ್ಟಿ ಮನೆಗೆ ಬಂದ ದಿನ ಮಾತ್ರ ಎಚ್ಚರಗೊಳ್ಳುತ್ತಾರೆ. ಮೊದಲನೆಯವರದು ಪ್ರೀತಿಯೆಂದೂ ಎರಡನೆಯವರದು ಅಲಕ್ಷ್ಯವೆಂದೂ ಲೋಕವು ಹೇಳುತ್ತದೆ. ಆದರೆ ಫಲದಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿಲ್ಲ. ಎರಡು ಮನೆಗಳಲ್ಲಿಯೂ ಮಗುವು ತನ್ನ ಕೆಲಸವನ್ನು ತಾನು ಹಿಡಿಯಲು ಕಲಿಯುವುದಿಲ್ಲ.

ಶರಣರು ಕಾಯಕವೆಂದು ಕರೆದುದು ಯಾವುದನ್ನು? ತನ್ನ ಕಾಯದಿಂದ ತಾನೇ ನಡೆಸಬೇಕಾದುದನ್ನು. ಒಬ್ಬನ ಕಾಯಕವನ್ನು ಮತ್ತೊಬ್ಬನು ಮಾಡಿಕೊಟ್ಟರೆ ಅದು ಇಬ್ಬರದೂ ಆಗದು. ವ್ಯಾಸಂಗವು ವಿದ್ಯಾರ್ಥಿಯ ಕಾಯಕವೆನ್ನುವ ಮಾತು ಸಭೆಗಳಲ್ಲಿ ಬಹಳವಾಗಿ ಕೇಳಿಬರುತ್ತದೆ. ಆ ಮಾತಿಗೆ ಅರ್ಥವಿರುವುದಾದರೆ ಅದು ಇಷ್ಟು ದೂರ ಹೋಗಬೇಕು: ಪಾಠವು ಮಾತ್ರವಲ್ಲ, ಪಾಠವನ್ನು ಅಣಿಗೊಳಿಸುವ ಕೆಲಸವೂ ವಿದ್ಯಾರ್ಥಿಯದೇ. ರಟ್ಟು ಸೊಟ್ಟಗಾದರೂ ಅವನ ಕೈಯ ರಟ್ಟೇ ಲೇಸು.

ಕಾಯಕಕ್ಕೆ ಅಳತೆಯೂ ಉಂಟು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ವಾಚಕರು ಬಲ್ಲರು. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚಾಗಿ ತಂದನು. ಲಕ್ಕಮ್ಮನು ಅದನ್ನು ಒಳಗೆ ಕೊಳ್ಳಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಸಾಮಾನ್ಯವಾಗಿ ಧನದಾಸೆಗೆ ಅನ್ವಯಿಸುವರು. ಆದರೆ ಜೂನ್ ತಿಂಗಳ ಮೊದಲನೆಯ ವಾರದಲ್ಲಿ ಹುಡುಗರು ಬರೆದುಕೊಳ್ಳುವ ವೇಳಾಪಟ್ಟಿಗಳನ್ನು ನೋಡಿದವರಿಗೆ ಇದು ಬೇರೊಂದು ಆಸೆಗೂ ಸಲ್ಲುವುದೆಂದು ತೋರುತ್ತದೆ. ಬೆಳಗಿನ ನಾಲ್ಕು ಗಂಟೆಗೆ ಏಳುವುದು, ಆರರವರೆಗೆ ಗಣಿತ, ಎಂಟರವರೆಗೆ ವಿಜ್ಞಾನ, ಸಂಜೆ ಮತ್ತೆ ನಾಲ್ಕು ತಾಸು. ಕೆಂಪು ಶಾಯಿಯಲ್ಲಿ ಗೆರೆ ಎಳೆದ ಈ ಪಟ್ಟಿಗಳು ನಾಲ್ಕನೆಯ ದಿನವೇ ಮುರಿಯುತ್ತವೆ. ಮುರಿದ ಪಟ್ಟಿಯು ಸುಮ್ಮನೆ ಹೋಗುವುದಿಲ್ಲ. ತನ್ನಿಂದಾಗದೆಂಬ ಭಾವವನ್ನು ಮನಸ್ಸಿನಲ್ಲಿ ಬಿಟ್ಟುಹೋಗುತ್ತದೆ. ಆಗ ಲಕ್ಕಮ್ಮನಂತೆ, ಹೆಚ್ಚಿನದನ್ನು ಸುರಿದು ಬಾ, ನಿತ್ಯ ನಡೆಯುವಷ್ಟನ್ನು ಮಾತ್ರ ತಾ ಎಂದು ಹೇಳುವವರು ಮನೆಯಲ್ಲಿ ಒಬ್ಬರಿರಬೇಕು.

ನಮ್ಮ ಹಳೆಯ ಪಾಠಕ್ರಮಗಳಲ್ಲಿಯೂ ಈ ಅಳತೆಯ ಅರಿವಿತ್ತು. ವೇದಾಧ್ಯಯನಕ್ಕೆ ಶ್ರಾವಣದಲ್ಲಿ ಉಪಾಕರ್ಮವೆಂಬ ಆರಂಭವೂ, ಮುಂದೆ ಉತ್ಸರ್ಜನವೆಂಬ ನಿಲುಗಡೆಯೂ ವಿಹಿತವಾಗಿದ್ದವು. ಮನುಸ್ಮೃತಿಯು ನಡುವಣ ಅವಧಿಯನ್ನು ನಾಲ್ಕೂವರೆ ತಿಂಗಳೆಂದು ಹೇಳುತ್ತದೆ. ಅದರಲ್ಲಿಯೂ ಅನಧ್ಯಾಯದ ತಿಥಿಗಳುಂಟು. ಆ ಅಧ್ಯಯನವು ಎಲ್ಲರಿಗೂ ತೆರೆದಿರಲಿಲ್ಲವೆಂಬ ಸತ್ಯವನ್ನು ಮರೆಯಬೇಕಾಗಿಲ್ಲ. ಆದರೆ ವಿದ್ಯಾಕಾಲಕ್ಕೆ ಒಂದು ತೊಡಗು, ಒಂದು ಬಿಡುವು ಬೇಕೆಂಬ ತಿಳಿವಳಿಕೆಯು ಅದರಲ್ಲಿತ್ತು. ಸಂಸ್ಕೃತ ಪಾಠಶಾಲೆಗಳಲ್ಲಿ ಅಮರಕೋಶವನ್ನು ಕಂಠಸ್ಥ ಮಾಡಿಸುವ ರೀತಿಯೂ ಅಂಥದೇ. ಮೂರು ಕಾಂಡಗಳು, ಸುಮಾರು 1,500 ಶ್ಲೋಕಗಳು. ದಿನಕ್ಕೆ ಎರಡರಂತೆ ಹಿಡಿದರೂ ಎರಡು ವರ್ಷಕ್ಕೆ ಕೊಂಚ ಮೇಲಾದೀತು. ಹೊಸ ಪಾಠಕ್ಕೆ ಮೊದಲು ನಿನ್ನೆಯದರ ಆವೃತ್ತಿಯಾಗಬೇಕು. ಅದಿಲ್ಲದೆ ಮುಂದಿನ ಶ್ಲೋಕವಿಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ತನ್ನ ಮರೆವನ್ನು ತಾನೇ ಅಳೆದು, 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ವಿಷಯವು ಬೇರೊಂದು ದಾರಿಯಿಂದ ಸಿದ್ಧವಾಯಿತು. ಕಲಿತುದರ ಬಹುಭಾಗವು ಮೊದಲ ಕೆಲವು ತಾಸುಗಳಲ್ಲಿಯೇ ಜಾರಿಹೋಗುತ್ತದೆ, ಆಮೇಲೆ ಮರೆವಿನ ವೇಗವು ತಗ್ಗುತ್ತದೆ; ಒಂದೇ ಸಲ ಗುಡ್ಡೆಹಾಕಿದ ಓದಿಗಿಂತ ಹಲವು ದಿನಗಳಿಗೆ ಹಂಚಿದ ಓದು ಹೆಚ್ಚು ನಿಲ್ಲುತ್ತದೆ. ಅಂದಿನ ಪಾಠವನ್ನು ಅಂದೇ ಸಂಜೆ ಕಾಲು ತಾಸು ತಿರುವಿ ಹಾಕುವ ಹುಡುಗನಿಗೆ ನಾಲ್ಕು ಗಂಟೆಯ ಪಟ್ಟಿಯ ಅಗತ್ಯವೇ ಬೀಳದೆ ಹೋಗಬಹುದು.

ವರ್ಷಾರಂಭದಲ್ಲಿ ಇನ್ನೊಂದು ಕೆಲಸವು ಶಾಲೆಯ ಪಾಲಿಗೆ ಬರುತ್ತದೆ. ಕರ್ನಾಟಕದ ಶಾಲೆಗಳಲ್ಲಿ ಸೇತುಬಂಧವೆಂಬ ಕಾರ್ಯಕ್ರಮವಿದೆ. ಹಿಂದಿನ ತರಗತಿಯಲ್ಲಿ ಕಲಿತುದು ಎಷ್ಟು ಉಳಿದಿದೆಯೆಂದು ನೈದಾನಿಕ ಪರೀಕ್ಷೆಯಿಂದ ತಿಳಿದು, ಕೊರತೆಯಿದ್ದಲ್ಲಿ ಪಾಠ ಹೇಳಿ, ಕೊನೆಗೆ ಸಾಫಲ್ಯ ಪರೀಕ್ಷೆಯನ್ನು ನಡೆಸುವ ಏರ್ಪಾಡು. ಹೆಸರಿಟ್ಟವರು ಬಲ್ಲವರು. ಆದರೆ ಸೇತುವೆಯನ್ನು ಕಟ್ಟಬೇಕಾದರೆ ಕಂದಕವು ಎಲ್ಲಿದೆಯೆಂದು ಮೊದಲು ತೋರಬೇಕಷ್ಟೆ. ಭಿನ್ನರಾಶಿಯು ಬಾರದ ಹುಡುಗನು ಪಕ್ಕದವನ ಹಾಳೆಯನ್ನು ನೋಡಿ ಬರೆದರೆ, ಆ ಪರೀಕ್ಷೆಯಲ್ಲಿ ಅವನು ಪಡೆದ ಒಂದೊಂದು ಅಂಕವೂ ಅವನಿಗೆ ನಷ್ಟ. ಬೀಜಗಣಿತದ ಪಾಠವು ಬಂದಾಗ ಆ ಕಂದಕದಲ್ಲಿ ಬೀಳುವವನು ಅವನೇ ಹೊರತು ಪಕ್ಕದವನಲ್ಲ. ಅವನು ಏಕೆ ನೋಡಿ ಬರೆಯುತ್ತಾನೆ? ಬಾರದೆಂದರೆ ನಗುವರೆಂದು. ವೈದ್ಯನ ಮುಂದೆ ನೋವನ್ನು ಮುಚ್ಚಿಡುವಂತೆ ಮಾಡುವ ಲಜ್ಜೆಯು ಮಗುವಿನ ಮನಸ್ಸಿನಲ್ಲಿ ತಾನಾಗಿ ಹುಟ್ಟಿದುದಲ್ಲ. ಯಾರೋ ಹಿರಿಯರ ನಗೆಯು ಅದನ್ನು ಬಿತ್ತಿರುತ್ತದೆ. ಪರೀಕ್ಷೆಯನ್ನು ದಾಖಲೆಯ ಹಾಳೆಗಾಗಿ ನಡೆಸುವ ಉಪಾಧ್ಯಾಯರೂ ಇಲ್ಲದಿಲ್ಲ, ಆ ಮಾತನ್ನು ಇಲ್ಲಿಗೆ ಬಿಡೋಣ.

ಚೀಲದ ವಿಚಾರವಾಗಿ ಹೆಚ್ಚು ಹೇಳಬೇಕಾಗಿಲ್ಲ. 2019ರಲ್ಲಿ ಕರ್ನಾಟಕ ಸರ್ಕಾರವು ಒಂಬತ್ತು ಮತ್ತು ಹತ್ತನೆಯ ತರಗತಿಗಳ ಚೀಲಕ್ಕೆ 4ರಿಂದ 5 ಕಿಲೋಗ್ರಾಂಗಳ ಮಿತಿಯನ್ನು ಗೊತ್ತುಮಾಡಿತು. ರಾತ್ರಿ ಮಲಗುವ ಮುನ್ನ ಮರುದಿನದ ಪಾಠಗಳನ್ನು ನೋಡಿ ಬೇಕಾದುದನ್ನು ಮಾತ್ರ ಇಟ್ಟುಕೊಂಡರೆ ಈ ಮಿತಿಯು ತಾನಾಗಿ ನಿಲ್ಲುತ್ತದೆ. ಮನೆಗೆಲಸವನ್ನೆಲ್ಲ ಬರೆದುಕೊಳ್ಳಲು ಒಂದೇ ಒಂದು ಸಣ್ಣ ಪುಸ್ತಕವಿರಲಿ. ವಾರಕ್ಕೊಮ್ಮೆ ಅದನ್ನು ತೆರೆದು, ಬಿಟ್ಟುಹೋದುದೇನೆಂದು ಮಗುವೇ ನೋಡಿಕೊಳ್ಳಲಿ. ಜಾತ್ರೆಯೋ ಜ್ವರವೋ ಬಂದು ಕ್ರಮವು ತಪ್ಪಿದರೆ ಮಾರನೆಯ ದಿನ ಮತ್ತೆ ತೊಡಗಬಹುದು, ಮುಂದಿನ ಜೂನ್ ತಿಂಗಳನ್ನು ಕಾಯಬೇಕಾಗಿಲ್ಲ. ತಂದೆಯು ಸಂಜೆ ಎಷ್ಟು ಅಂಕವೆಂದು ಕೇಳುವ ಬದಲು, ಈ ದಿನ ಯಾವುದು ತಿಳಿಯಲಿಲ್ಲವಪ್ಪಾ ಎಂದು ಕೇಳಿದರೆ ಸಾಕು. ಉತ್ತರವು ಬರುವವರೆಗೆ ಮೊಬೈಲನ್ನು ಕೆಳಗಿಟ್ಟಿರಬೇಕು, ಅಷ್ಟೆ.

ಇಷ್ಟೆಲ್ಲ ಆದರೂ ಒಂದು ಮಾತು ಉಳಿದೇ ಇದೆ. ಅದೇ ಈ ವಿಚಾರದ ಗಂಟು. ಕ್ರಮವನ್ನು ಹಿಡಿಯುವವನು ವಿದ್ಯಾರ್ಥಿಯೇ ಆದರೂ, ಕ್ರಮಕ್ಕೆ ಬೇಕಾದ ಹೊತ್ತನ್ನು ಕೊಡುವುದು ಮನೆ. ಬಿತ್ತನೆಯ ದಿನಗಳಲ್ಲಿ ಎಂಟನೆಯ ತರಗತಿಯ ಹುಡುಗನನ್ನು ಎತ್ತಿನ ಹಿಂದೆ ನಿಲ್ಲಿಸಿಕೊಂಡು, ಪುಸ್ತಕವನ್ನೇಕೆ ಮುಟ್ಟಲಿಲ್ಲವೆಂದು ರಾತ್ರಿ ಗದರುವ ತಂದೆಯು ತನ್ನ ಲೆಕ್ಕವನ್ನು ತಾನು ನೋಡಿಕೊಳ್ಳಬೇಕು. ಬಡತನವು ಕೇಳುವ ಕೆಲಸವು ಬೇರೆ. ಅದನ್ನು ದೂರುವಂತಿಲ್ಲ, ಅಂಥ ಮನೆಯ ಮಗುವಿಗೆ ಶಾಲೆಯೇ ಒಂದು ತಾಸನ್ನೂ ಒಂದು ಮೂಲೆಯನ್ನೂ ಕೊಡಬೇಕು. ಆದರೆ ಬಡತನವಿಲ್ಲದ ಮನೆಗಳಲ್ಲಿಯೂ ಹೆಣ್ಣುಮಗಳ ಹೊತ್ತು ಹೇಗೆ ಕಳೆಯುತ್ತದೆ? ಒಂದೇ ಸೂರಿನ ಕೆಳಗೆ ಅಕ್ಕನು ಹತ್ತನೆಯ ತರಗತಿ, ತಮ್ಮನು ಎಂಟನೆಯದು. ಗೋಡೆಯ ಮೇಲೆ ತಮ್ಮನ ವೇಳಾಪಟ್ಟಿಯಿದೆ, ಅವನು ಓದುವಾಗ ಯಾರೂ ಗಟ್ಟಿಯಾಗಿ ಮಾತನಾಡಕೂಡದು. ಅಕ್ಕನು ಶಾಲೆಯಿಂದ ಬಂದೊಡನೆ ಕಸ ಗುಡಿಸಿ, ನೀರು ತಂದು, ಹಿಟ್ಟು ನಾದಿ, ಎಲ್ಲರೂ ಉಂಡ ಪಾತ್ರೆಗಳನ್ನು ತೊಳೆದ ಮೇಲೆ ಪುಸ್ತಕವನ್ನು ತೆರೆಯುತ್ತಾಳೆ. ಅವಳ ಟಿಪ್ಪಣಿಯು ಅರ್ಧಕ್ಕೆ ನಿಂತಿದ್ದರೆ ಅದು ಯಾರ ಸೋಮಾರಿತನ? ಸ್ತ್ರೀಪುರುಷರಿಬ್ಬರನ್ನೂ ಒಂದೇ ಅನುಭವಮಂಟಪದಲ್ಲಿ ಕುಳ್ಳಿರಿಸಿದ ಪರಂಪರೆಯನ್ನು ಕೊಂಡಾಡುವ ಮನೆಗಳಲ್ಲಿಯೂ ಈ ಪ್ರಶ್ನೆಯನ್ನು ಕೇಳುವವರು ವಿರಳ.

ಇದಕ್ಕೆ ಪರಿಹಾರವು ದೊಡ್ಡದೇನೂ ಅಲ್ಲ. ಸಂಜೆ ಏಳರಿಂದ ಎಂಟೂವರೆಯವರೆಗೆ ಮನೆಯ ದೂರದರ್ಶನವು ಮೌನವಾಗಿರುತ್ತದೆ. ನಡುಮನೆಯ ದೀಪದ ಕೆಳಗೆ ಎರಡು ಮಣೆಗಳಿರುತ್ತವೆ. ತಾಯಿಯು ರೊಟ್ಟಿ ತಟ್ಟುತ್ತಾಳೆ, ಪಾತ್ರೆಗಳನ್ನು ತಂದೆಯು ತೊಳೆದಿಡುತ್ತಾನೆ. ಏಳಕ್ಕೆ ಮೊದಲು ನಲ್ಲಿಯಲ್ಲಿ ನೀರು ಬಂದರೆ, ಈ ದಿನ ಕೊಡವನ್ನು ಎತ್ತಿಕೊಂಡು ಹೊರಡುವವನು ತಮ್ಮ.