ಯಾರಿಗಾಗಿ ಈ ನಡಿಗೆ?

ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಅಕ್ಕ ಬದುಕಿ ಉಳಿದದ್ದೇ ದೊಡ್ಡದು ಎಂದುಕೊಂಡಿದ್ದೆವು. ಆಕೆ ಎದ್ದು ನಡೆಯತೊಡಗಿದ ಮೇಲೆ ನಮ್ಮ ಆಸೆಯೂ ಬೆಳೆಯಿತು. ಬಲಗಾಲು ಕೊರಡಿನಂತೆ ಬಿಗಿ. ಹಿಮ್ಮಡಿ ನೆಲ ಮುಟ್ಟದು. ಪಾದ ಒಳಕ್ಕೆ ತಿರುಚಿಕೊಂಡು ಬೆರಳು ನೆಲ ಕೆರೆಯುತ್ತಿತ್ತು. ನನ್ನ ಮಗಳ ಮದುವೆಯ ಹೊತ್ತಿಗೆ ಅಕ್ಕ ನೆಟ್ಟಗೆ ನಡೆಯಬೇಕು ಎಂದು ನಾನು ಹಟ ಹಿಡಿದೆ.

ವೈದ್ಯರು ಬಿಡಿಸಿ ಹೇಳಿದರು. ಕೆಟ್ಟಿರುವುದು ಕಾಲಲ್ಲ, ಸ್ನಾಯುಗಳ ಮೇಲೆ ಮಿದುಳಿಗಿದ್ದ ಹತೋಟಿ. ಬ್ಯಾಕ್ಲೋಫೆನ್ ಮಾತ್ರೆಯಿಂದ ಬಿಗಿತ ಇಳಿಯುತ್ತದೆ. ಆದರೆ ಮಂಪರು, ನಿಶ್ಶಕ್ತಿ ಬರಬಹುದು. ಬೊಟುಲಿನಂ ಟಾಕ್ಸಿನ್ ಚುಚ್ಚುಮದ್ದನ್ನು ಬೇಕಾದ ಸ್ನಾಯುವಿಗಷ್ಟೇ ಕೊಡಬಹುದು. ಕೆಟ್ಟ ಆಹಾರದಲ್ಲಿ ಹುಟ್ಟಿ ಜೀವ ತೆಗೆಯುವ ವಿಷವೇ ಅದು. ತೀರಾ ಅಲ್ಪ ಪ್ರಮಾಣದಲ್ಲಿ ಮದ್ದು. ನರದ ಅಪ್ಪಣೆ ಸ್ನಾಯುವಿಗೆ ತಲುಪದಂತೆ ತಡೆಯುತ್ತದೆ. ಅದರ ಫಲ ಸುಮಾರು 3 ತಿಂಗಳು. ಅಷ್ಟರಲ್ಲಿ ವ್ಯಾಯಾಮ, ಹೆಜ್ಜೆಯ ಅಭ್ಯಾಸ ಆಗಬೇಕು.

“ಹಾಗಾದರೆ ಇಡೀ ಕಾಲನ್ನೇ ಸಡಿಲ ಮಾಡಿಬಿಡಿ ಡಾಕ್ಟ್ರೇ” ಎಂದೆ.

“ಬೇಡಮ್ಮ. ಅವರ ತೊಡೆಯಲ್ಲಿ ಬಲ ಇಲ್ಲ. ಆ ಬಿಗಿತದ ಆಸರೆಯಲ್ಲೇ ನಿಂತಿದ್ದಾರೆ. ಅದನ್ನೂ ತೆಗೆದರೆ ಮೊಣಕಾಲು ಕುಸಿಯುತ್ತೆ” ಎಂದವರು ಅಕ್ಕನ ಕಡೆ ತಿರುಗಿ, “ನಿಮಗೇನು ಬೇಕು ಹೇಳಿ” ಎಂದರು.

ನಾವು ಯಾರೂ ಕೇಳದಿದ್ದ ಪ್ರಶ್ನೆ ಅದು. ಅಕ್ಕ ತಡವರಿಸುತ್ತ ಹೇಳಿದಳು: “ರಾತ್ರಿ ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೋಗಿಬರಬೇಕು.”

ನನಗೆ ನಾಚಿಕೆಯಾಯಿತು. ನಾನು ಯೋಚಿಸಿದ್ದು ಛತ್ರದಲ್ಲಿ ಕೂತು ನೋಡುವ ನಾಲ್ಕು ಜನರ ಕಣ್ಣುಗಳನ್ನು. ಪ್ರೀತಿಯೊಳಗೆ ಇಂಥ ಸ್ವಾರ್ಥ ಎಷ್ಟು ಸಲೀಸಾಗಿ ಬೆರೆತುಬಿಡುತ್ತದೆ! ಆದರೆ ಮನೆಗೆ ಬಂದ ಮೇಲೆ ಇನ್ನೊಂದು ಅನುಮಾನ ಕಾಡಿತು. ನಾವು ಹೆಂಗಸರು ಕಾಯಿಲೆ ಬಿದ್ದಾಗ ಮೊದಲು ಮೊಟಕು ಮಾಡುವುದು ನಮ್ಮ ಬಯಕೆಗಳನ್ನೇ. ಯಾರನ್ನೂ ಎಬ್ಬಿಸಬಾರದೆಂಬುದು ಅವಳ ಆಸೆಯೋ, ಹೊರೆಯಾಗುವ ಭಯವೋ? ಕೇಳಿಯೇಬಿಟ್ಟೆ.

“ನಿಮ್ಮ ನಿದ್ದೆಗಾಗಿ ಅಲ್ಲ ಕಣೇ, ನನ್ನ ಮಾನಕ್ಕಾಗಿ” ಎಂದಳು.

ಮೀನಖಂಡದ ಸ್ನಾಯುಗಳಿಗಷ್ಟೇ ಚುಚ್ಚುಮದ್ದು ಕೊಡಿಸಿದೆವು. ಎರಡು ವಾರದಲ್ಲಿ ಹಿಮ್ಮಡಿ ನೆಲ ಮುಟ್ಟಿತು. ಕುಂಟು ಉಳಿಯಿತು, ಮದುವೆಯಲ್ಲಿ ಕುಂಟುತ್ತಲೇ ಬಂದು ಅಕ್ಷತೆ ಹಾಕಿದಳು. ಮದ್ದಿನ ಫಲ ಇಳಿದಾಗ ಮತ್ತೆ ಕೊಡಿಸಬೇಕೇ ಎಂಬುದನ್ನು ಈ ಸಲ ಅವಳೇ ಹೇಳಬೇಕು.

ಈಗ ನಡುರಾತ್ರಿ ಗೋಡೆ ಹಿಡಿದು ಹೋಗುವ ಅವಳ ಹೆಜ್ಜೆ ಸದ್ದಿಗೆ ಎಚ್ಚರವಾಗುತ್ತದೆ. ಓಡಿಹೋಗಿ ಕೈ ಹಿಡಿಯಬೇಕೆನ್ನಿಸುತ್ತದೆ. ಅವಳು ಕರೆಯುವವರೆಗೆ ಏಳದಿರುವುದನ್ನು ಕಲಿಯುತ್ತಿದ್ದೇನೆ.